ತಾಳಬೆಟ್ಟದ ತಿರುವಿನಲ್ಲಿ ಆಫ್ ಆದ ಕಾರು

ಹೋದ ಅಮಾವಾಸ್ಯೆಗೆ ಅಪ್ಪ, ಅವ್ವನನ್ನು ಮಾದಪ್ಪನ ಬೆಟ್ಟಕ್ಕೆ ಕರ್ಕೊಂಡು ಹೊರಟಿದ್ದೆ. ಯಳಂದೂರು ಬಿಟ್ಟಾಗ ಬೆಳಿಗ್ಗೆ ಐದೂವರೆ. ಕೊಳ್ಳೇಗಾಲ, ಕಾಮಗೆರೆ, ಹನೂರು ದಾಟೋವರೆಗೂ ಗಾಡಿ ಏನೂ ತಕರಾರು ಮಾಡಲಿಲ್ಲ. ತಾಳಬೆಟ್ಟದಿಂದ ಏರು ಶುರುವಾಗಿ ಮೂರ್ನಾಲ್ಕು ತಿರುವು ಕಳೆದಿತ್ತು ಅಷ್ಟೇ. ಎರಡನೇ ಗೇರ್‌ನಲ್ಲಿ ಎಳೀತಿದ್ದ ಎಂಜಿನ್ ಒಮ್ಮೆ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ಆಮೇಲೆ ಸದ್ದೇ ಇಲ್ಲ. ಡ್ಯಾಶ್‌ಬೋರ್ಡಿನ ಲೈಟೆಲ್ಲ ಒಟ್ಟಿಗೆ ಹತ್ತಿಕೊಂಡವು. ಸ್ಟೇರಿಂಗ್ ಕಲ್ಲಿನ ಥರ ಬಿಗಿಯಾಯ್ತು. ಹಿಂದೆ ಒಂದು ಬಸ್ಸು, ಎಡಕ್ಕೆ ಕಣಿವೆ.

ಅವ್ವ "ಮಾದಪ್ಪಾ" ಅಂದಳು. ಅಪ್ಪ ಏನೂ ಹೇಳದೆ ಬಾಗಿಲು ತೆಗೆದು ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಎತ್ತಿನ ಗಾಡಿ ಹೊಡೆದು ಅಭ್ಯಾಸ ಇರೋ ಮನುಷ್ಯ.

ಅವತ್ತು ನನಗೆ ಗೊತ್ತಿಲ್ಲದ, ಈಗ ಗೊತ್ತಿರೋ ಒಂದು ವಿಷಯ ಮೊದಲು ಹೇಳ್ತೀನಿ. ಎಂಜಿನ್ ನಿಂತರೆ ಬ್ರೇಕ್ ತಕ್ಷಣ ಸಾಯೋದಿಲ್ಲ. ಪೆಡಲ್ ಹಗುರವಾಗಿರೋದು ಎಂಜಿನ್ ಎಳೆಯೋ ನಿರ್ವಾತದ ಸಹಾಯದಿಂದ. ಎಂಜಿನ್ ನಿಂತ ಮೇಲೂ ಒಂದೆರಡು ಸಲ ಒತ್ತುವಷ್ಟು ಅದು ಬೂಸ್ಟರ್‌ನಲ್ಲಿ ಉಳಿದಿರುತ್ತೆ. ಗಾಬರಿಯಲ್ಲಿ ಪಟಪಟ ಅಂತ ನಾಲ್ಕು ಸಲ ತುಳಿದರೆ ಅದೂ ಖಾಲಿ, ಪೆಡಲ್ ಗಟ್ಟಿ. ಹಾಗಾಗಿ ಒಂದೇ ಸಲ ಜೋರಾಗಿ ಒತ್ತಿ ಹಿಡಿದುಕೊಳ್ಳಿ, ಹ್ಯಾಂಡ್‌ಬ್ರೇಕ್ ಎಳೀರಿ, ಏರಿನಲ್ಲಿ ಮುಖ ಮೇಲಿದ್ದರೆ ಫಸ್ಟ್ ಗೇರ್‌ಗೆ ಹಾಕಿ. ಕಲ್ಲು ಕೊಡೋಕೆ ನಮ್ಮಪ್ಪನಂಥವರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೇದು.

ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು! ದರ್ಶನ ಮುಗಿಸಿ ಊರಿಗೂ ಬಂದ್ವಿ.

ಈ ಗಾಡಿ ನಾನು ಬೆಂಗಳೂರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸೆಡಾನ್, ಪೆಟ್ರೋಲ್. ಕಂಪನಿ ಹೆಸರು ಕೇಳಬೇಡಿ, ಹೇಳಲ್ಲ. ಅವ್ವನಿಗೆ ತಿಂಗಳಿಗೊಮ್ಮೆ ಮೈಸೂರಿಗೆ ಚೆಕಪ್, ಬಸ್ಸಲ್ಲಿ ನಿಂತು ಹೋಗೋ ಶಕ್ತಿ ಇಲ್ಲ, ಅದಕ್ಕೇ ಕೊಂಡಿದ್ದು. ಹಾಗಾಗಿ "ಬಿಡು, ಒಂದ್ಸಲ ಆಯ್ತು" ಅಂತ ಸುಮ್ಮನಾಗೋ ಹಾಗಿರಲಿಲ್ಲ. ಮೊದಲನೇ ಮೆಕ್ಯಾನಿಕ್ ಬ್ಯಾಟರಿ ವೀಕ್ ಅಂದ, ಬದಲಾಯಿಸಿದೆ. ಎರಡನೆಯವರು ಸ್ಪಾರ್ಕ್ ಪ್ಲಗ್, ಕಾಯಿಲ್ ಅಂದರು, ಅದೂ ಆಯ್ತು. ಥ್ರಾಟಲ್ ಬಾಡಿ ಕ್ಲೀನಿಂಗೂ ಆಯ್ತು. ಹದಿನಾಲ್ಕು ಸಾವಿರ ಹೋಯ್ತು. ಮೂರನೇ ವಾರ ಮೈಸೂರಿಂದ ವಾಪಸ್ ಬರುವಾಗ ಮಟಮಟ ಮಧ್ಯಾಹ್ನ ಸಂತೆಮರಹಳ್ಳಿ ಹತ್ತಿರ ಮತ್ತೆ ಆಫ್.

ಅಲ್ಲೇ ರಸ್ತೆ ಬದಿ ಒಂದು ಸಣ್ಣ ಗ್ಯಾರೇಜ್. ಹುಡುಗನಿಗೆ ಇಪ್ಪತ್ತೈದೂ ಇರಲಿಕ್ಕಿಲ್ಲ. ಬಾನೆಟ್ ಎತ್ತಲಿಲ್ಲ. ಹಿಂದಿನ ಸೀಟಲ್ಲಿ ಕೂತು, "ಸಾರ್, ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ" ಅಂದ. ಮಾಡಿದೆ. ಕಿವಿ ಕೊಟ್ಟು ಕೇಳಿ ತಲೆ ಅಲ್ಲಾಡಿಸಿದ.

"ಪಂಪು ಕನ ಸಾರ್. ಝುಯ್ ಅಂತ ಎರಡು ಸೆಕೆಂಡ್ ಸದ್ದು ಬರ್ಬೇಕು, ಬತ್ತಾ ಇಲ್ಲ. ನಿಮ್ ಗಾಡಿಗೆ ರಿಕಾಲ್ ಏನಾರಾ ಅದಾ ನೋಡಿದ್ದೀರಾ?"

ರಿಕಾಲ್ ಅಂದರೆ ಪೇಪರಲ್ಲಿ ಓದಿ ಮರೆಯೋ ಸುದ್ದಿ ಅಂದುಕೊಂಡಿದ್ದ ನಾನು, ಅಲ್ಲೇ ಹುಣಸೆ ಮರದ ಕೆಳಗೆ ನಿಂತು ಆರ್‌ಸಿ ನೋಡಿ ಚಾಸಿಸ್ ನಂಬರನ್ನು ಕಂಪನಿ ವೆಬ್‌ಸೈಟಲ್ಲಿ ಹಾಕಿದೆ. ಬಂತು ಉತ್ತರ: ಫ್ಯೂಯೆಲ್ ಪಂಪ್ ಬದಲಾವಣೆ ಬಾಕಿ ಇದೆ, ಉಚಿತ.

ಪೆಟ್ರೋಲ್ ಪಂಪ್ ಇರೋದು ಟ್ಯಾಂಕಿನ ಒಳಗೆ, ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೆ. ಅದರೊಳಗೆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಚಕ್ರ ತಿರುಗಿ ಎಂಜಿನ್‌ಗೆ ಪೆಟ್ರೋಲ್ ತಳ್ಳುತ್ತೆ. ಆ ಚಕ್ರದಲ್ಲಿ ದೋಷ ಇದ್ದರೆ ದಿನ ಕಳೆದಂತೆ ಊದಿಕೊಂಡು ಗೋಡೆಗೆ ಉಜ್ಜುತ್ತೆ. ಬಿಸಿಯಲ್ಲಿ ಸಿಕ್ಕಿಕೊಳ್ಳುತ್ತೆ, ತಣ್ಣಗಾದ ಮೇಲೆ ಮತ್ತೆ ತಿರುಗುತ್ತೆ. ತಾಳಬೆಟ್ಟದಲ್ಲಿ ಅರ್ಧ ಗಂಟೆ ಬಿಟ್ಟು ಗಾಡಿ ಸ್ಟಾರ್ಟ್ ಆಗಿದ್ದು ಮಾದಪ್ಪನ ದಯೆ ಅಂತ ಅವ್ವ ಈಗಲೂ ಹೇಳ್ತಾಳೆ, ನಾನು ವಾದ ಮಾಡಲ್ಲ.

ಇದು ಒಂದೇ ಕಂಪನಿಯ ಕಥೆ ಅಲ್ಲ. 2020ರ ಜುಲೈನಲ್ಲಿ ಮಾರುತಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಗಾಡಿಗಳನ್ನು ಪಂಪ್ ಪರೀಕ್ಷೆಗೆ ಕರೆಯಿತು. ಅದೇ ವರ್ಷ ಹೋಂಡಾ 65,651 ಕಾರು, 2021ರ ಏಪ್ರಿಲ್‌ನಲ್ಲಿ ಮತ್ತೆ 77,954 ಕಾರು ಕರೆಯಿತು. ಸಿಟಿ, ಅಮೇಜ್, ಸಿವಿಕ್ ಇವೆಲ್ಲ ಆ ಪಟ್ಟಿಯಲ್ಲಿದ್ದವು. 2024ರಲ್ಲಿ ಇನ್ನೂ 90,468. ಜೊತೆಗೆ 2,204 ಹಳೇ ಗಾಡಿಗಳು, ಅವು ಹಿಂದೆ ರಿಪೇರಿಗೆ ಬಂದಾಗ ಇದೇ ಪಂಪನ್ನು ಬಿಡಿಭಾಗವಾಗಿ ಹಾಕಿಸಿಕೊಂಡಿದ್ದವು. ಅಂದರೆ "ನನ್ನ ಗಾಡಿ ಹಳೇದು, ಇದು ನನಗಲ್ಲ" ಅನ್ನೋ ಹಾಗೂ ಇಲ್ಲ.

ಸಿಯಾಜ್ ಇಟ್ಟುಕೊಂಡವರಿಗೆ ಬೇರೆ ಮಾತು. 2021ರ ಸೆಪ್ಟೆಂಬರ್‌ನಲ್ಲಿ ಮಾರುತಿ 1,81,754 ಪೆಟ್ರೋಲ್ ಗಾಡಿಗಳನ್ನು ಕರೆಯಿತು: ಸಿಯಾಜ್, ಎರ್ಟಿಗಾ, ಬ್ರೆಜಾ, ಎಸ್-ಕ್ರಾಸ್, ಎಕ್ಸ್‌ಎಲ್6. ತಯಾರಾದ ದಿನಾಂಕ 4 ಮೇ 2018ರಿಂದ 27 ಅಕ್ಟೋಬರ್ 2020ರ ಒಳಗೆ. ದೋಷ ಮೋಟರ್ ಜನರೇಟರ್ ಯೂನಿಟ್‌ನಲ್ಲಿ. ಅದನ್ನು ಬದಲಾಯಿಸೋವರೆಗೂ ನೀರು ನಿಂತ ಕಡೆ ಓಡಿಸಬೇಡಿ, ಎಲೆಕ್ಟ್ರಿಕಲ್ ಭಾಗಗಳ ಮೇಲೆ ನೇರವಾಗಿ ನೀರು ಹೊಡೀಬೇಡಿ ಅಂತ ಕಂಪನಿಯೇ ಹೇಳಿತ್ತು. ನಮ್ಮ ಕಡೆ ವಾಟರ್ ಸರ್ವೀಸ್ ಅಂದರೆ ಬಾನೆಟ್ ಎತ್ತಿ ಪೈಪಲ್ಲಿ ಬಾರಿಸೋದೇ ಸರ್ವೀಸ್! ಆ ಅವಧಿಯ ಸಿಯಾಜ್ ಕೊಳ್ಳೋ ಯೋಚನೆ ಇದ್ದರೆ ಈ ಕೆಲಸ ಆಗಿದೆಯಾ ಅಂತ ಮೊದಲು ನೋಡಿ.

ಏರ್‌ಬ್ಯಾಗ್ ವಿಷಯ ಇನ್ನೂ ಗಂಭೀರ. ಜಪಾನಿನ ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು, ತೇವ ಉಂಡು ಕೆಡುತ್ತೆ. ಆಮೇಲೆ ಸಣ್ಣ ಡಿಕ್ಕಿಯಲ್ಲೂ ಅದು ಸ್ಫೋಟಿಸಿ ಲೋಹದ ಚೂರುಗಳನ್ನು ಮುಖಕ್ಕೆ ಎಸೆಯಬಹುದು. ಆ ಕಂಪನಿ 2017ರಲ್ಲಿ ದಿವಾಳಿಯಾಯ್ತು, ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಭಾರತದಲ್ಲಿ 2017ರ ಜನವರಿಯಲ್ಲಿ ಹೋಂಡಾ, 2012ರಲ್ಲಿ ತಯಾರಾದ 41,580 ಕಾರು ಕರೆಯಿತು, ಮರುವರ್ಷ 2013ರ 22,834. ಟೊಯೋಟಾ ಕೂಡ 2017ರಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಕೊರೊಲಾ ಆಲ್ಟಿಸ್ ಕರೆಯಿತು. ಮೂರು ಲಕ್ಷಕ್ಕೆ ದೊಡ್ಡ ಗಾಡಿ ಸಿಗ್ತಿದೆ ಅಂತ ನಿಮ್ಮ ಆಫೀಸ್ ಗೆಳೆಯ ತೋರಿಸೋದು ಇದೇ ವಯಸ್ಸಿನ ಸೆಡಾನ್‌ಗಳನ್ನು.

ಹಾಗಾದರೆ ನನ್ನ ಗಾಡಿಯ ಪಂಪ್ ಯಾಕೆ ಬದಲಾಗಿರಲಿಲ್ಲ? ಆರ್‌ಸಿಯಲ್ಲಿ ನಾನು ಮೂರನೇ ಓನರ್. ಗಾಡಿ ಕೊಡಿಸಿದವರ ಮೂಲಕ ಮೊದಲನೆಯವರ ನಂಬರ್ ಹುಡುಕಿ ಫೋನ್ ಮಾಡಿದೆ. ಪಾಪ, ಒಳ್ಳೆ ಮನುಷ್ಯ. "ಹೌದು ಸಾರ್, ಮೆಸೇಜ್ ಬಂದಿತ್ತು. ಆಗ ಊರಲ್ಲಿರಲಿಲ್ಲ, ಆಮೇಲೆ ಮರೆತೆ, ಆಮೇಲೆ ಗಾಡೀನೇ ಮಾರಿಬಿಟ್ಟೆ" ಅಂದರು. ಕಂಪನಿ ಲೆಕ್ಕದಲ್ಲಿ ಇವತ್ತಿಗೂ ಗಾಡಿ ಅವರದೇ. ಮೆಸೇಜ್ ಹೋಗ್ತಾ ಇದ್ದದ್ದು ಅವರಿಗೇ. ಎರಡನೇ ಓನರ್‌ಗೆ ಗೊತ್ತೇ ಇಲ್ಲ. ನಾನು ಅವ್ವನನ್ನು ಕೂರಿಸಿಕೊಂಡು ಘಾಟಿ ಹತ್ತಿದೆ.

ಆರ್‌ಟಿಓದಲ್ಲಿ ಹೆಸರು ಬದಲಾದರೆ ಕಂಪನಿಗೆ ತಾನಾಗಿ ತಿಳಿಯುತ್ತೆ ಅಂದುಕೊಳ್ಳಬೇಡಿ. ಫಾರಂ 29, 30 ಕೊಟ್ಟು ಆರ್‌ಸಿ ಮಾಡಿಸಿಕೊಂಡ ವಾರವೇ ಕಂಪನಿಯ ಸರ್ವೀಸ್ ಸೆಂಟರ್‌ಗೂ ಹೋಗಿ ನಿಮ್ಮ ನಂಬರ್ ಬರೆಸಿ. ಅದಕ್ಕೂ ಮುಂಚೆ, ಅಡ್ವಾನ್ಸ್ ಕೊಡೋ ಮೊದಲೇ, 17 ಅಕ್ಷರದ ಚಾಸಿಸ್ ನಂಬರ್ ಕೇಳಿ ಫೋನಲ್ಲೇ ಪರೀಕ್ಷಿಸಿ. ಐದು ನಿಮಿಷದ ಕೆಲಸ. ನಂಬರ್ ಕೊಡೋಕೆ ಹಿಂದೆಮುಂದೆ ನೋಡೋ ಮಾರಾಟಗಾರನ ಹತ್ತಿರ ನಾನಾದರೆ ಕಾಫಿನೂ ಕುಡಿಯಲ್ಲ. ಇನ್ನೊಂದು, ರಿಕಾಲ್ ಲೆಕ್ಕ ಹಿಡಿಯೋದು ತಯಾರಾದ ತಿಂಗಳಿಂದ, ನೋಂದಣಿಯಾದ ದಿನದಿಂದಲ್ಲ. ಡಿಸೆಂಬರ್‌ನಲ್ಲಿ ತಯಾರಾಗಿ ಫೆಬ್ರವರಿಯಲ್ಲಿ ನೋಂದಣಿಯಾದ ಗಾಡಿಗಳು ಬೇಕಾದಷ್ಟಿವೆ.

ಕಾನೂನು ಏನಂತೆ ಅಂತ ನನ್ನ ತಂಗಿ ಕೇಳಿದಳು. 2012ರಿಂದ ಕಂಪನಿಗಳು ತಾವೇ ಒಪ್ಪಿಕೊಂಡ ಒಂದು ಸ್ವಯಂಪ್ರೇರಿತ ಪದ್ಧತಿ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ರಿಕಾಲ್ ಮಾಡಿಸೋ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು, ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಕಂಪನಿಗೆ ಒಂದು ಕೋಟಿವರೆಗೂ ದಂಡ ಬೀಳಬಹುದು. ಆದರೆ ಅದು ಏಳು ವರ್ಷದೊಳಗಿನ ಗಾಡಿಗೆ ಮಾತ್ರ. ನಮ್ಮಂಥವರು ಕೊಳ್ಳೋದು ಎಂಟು, ಹತ್ತು ವರ್ಷದ್ದು. ಇದು ನನಗೆ ಸರಿ ಕಾಣಲ್ಲ. ಹಳೇ ಗಾಡಿಯಲ್ಲಿ ಕೂರೋರ ಜೀವ ಏನು ಕಮ್ಮಿ ಬೆಲೇದಾ?

ರಿಕಾಲ್‌ಗೆ ಸೇರದ ಮಾಮೂಲಿ ತೊಂದರೆಗಳೂ ಇವೆ. ಊರಲ್ಲಿ ಗಾಡಿ ವಾರಗಟ್ಟಲೆ ನಿಂತಿರುತ್ತೆ, ಬ್ಯಾಟರಿ ಇಳಿಯುತ್ತೆ, ಇಲಿ ವೈರ್ ಕಡಿಯುತ್ತೆ. ಸೆಡಾನ್ ತಗ್ಗು, ನಮ್ಮ ಹಂಪ್‌ಗಳು ಎತ್ತರ. ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಟಕಟಕ ಅನ್ನೋಕೆ ಶುರು ಮಾಡ್ತವೆ, ಖರ್ಚು ದೊಡ್ಡದಲ್ಲ. ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕೋ ಅಭ್ಯಾಸ ಮಾತ್ರ ಬಿಟ್ಟುಬಿಡಿ. ಸ್ಟವ್ ಮೇಲಿನ ಪಾತ್ರೆಗೆ ಕಟ್ಟೋ ಬಿಳಿ ಉಪ್ಪು ಒಳಗೂ ಕಟ್ಟುತ್ತೆ, ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಹೀಟ್ ಮುಳ್ಳು ಮೇಲೇರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, 2319 ಅಂದರೆ 2019ರ 23ನೇ ವಾರ. ಗುಂಡಿ ಆಳವಾಗಿ ಕಂಡರೂ ಏಳೆಂಟು ವರ್ಷದ ರಬ್ಬರ್ ನಂಬಬೇಡಿ. ಬೆಂಗಳೂರಿಂದ ತರೋದಾದರೆ ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡಿ. ಕೊನೆಯಲ್ಲಿ ಮಣ್ಣಿನ ಗೆರೆ ಇದ್ದರೆ ಆ ಗಾಡಿ ನೀರಲ್ಲಿ ಮುಳುಗಿ ಎದ್ದದ್ದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ ಹೇಗಿತ್ತು ಅಂತ ನಿಮಗೇ ಗೊತ್ತು.

ನನ್ನ ಗಾಡಿಗೆ ಮೈಸೂರಿನ ಸರ್ವೀಸ್ ಸೆಂಟರ್‌ನಲ್ಲಿ ಅರ್ಧ ದಿನದಲ್ಲಿ ಹೊಸ ಪಂಪ್ ಹಾಕಿಕೊಟ್ಟರು. ಬಿಲ್ ಸೊನ್ನೆ. ಮೂರನೇ ಓನರ್ ಅಂತ ಯಾರೂ ಮುಖ ಸಿಂಡರಿಸಲಿಲ್ಲ. ಬ್ಯಾಟರಿ, ಪ್ಲಗ್‌ಗೆ ಹೋದ ಹದಿನಾಲ್ಕು ಸಾವಿರ ಹೋಯ್ತು. ಬರುವಾಗ ಸಂತೆಮರಹಳ್ಳಿಯಲ್ಲಿ ನಿಲ್ಲಿಸಿ ಆ ಹುಡುಗನಿಗೆ ಐನೂರು ರೂಪಾಯಿ ಕೊಡೋಕೆ ಹೋದೆ, "ನಾನೇನ್ ಮಾಡ್ದೆ ಸಾರ್, ಕೇಳಿದ್ದಷ್ಟೇ" ಅಂತ ನೂರು ಇಟ್ಟುಕೊಂಡು ಮಿಕ್ಕಿದ್ದು ವಾಪಸ್ ಕೊಟ್ಟ.

ಮುಂದಿನ ಅಮಾವಾಸ್ಯೆಗೆ ಮತ್ತೆ ಬೆಟ್ಟಕ್ಕೆ ಹೊರಟಿದ್ದೀವಿ. ಅಪ್ಪ ಆಗಲೇ ಡಿಕ್ಕಿಯಲ್ಲಿ ಎರಡು ಕಲ್ಲು ಇಟ್ಟಿದ್ದಾರೆ. ಬೇಡ ಅಂದರೆ ಕೇಳ್ತಿಲ್ಲ.