ಕ್ಯಾಮೆರಾ ಕೈಕೊಟ್ಟರೆ ಬೈಗುಳ ಯಾರಿಗೆ?

ಕ್ಯಾನನ್ ಒಳ್ಳೆಯದೋ ನಿಕಾನ್ ಒಳ್ಳೆಯದೋ ಎಂಬ ಜಗಳ ನಮ್ಮ ಕಡೆ ಇನ್ನೂ ಮುಗಿದಿಲ್ಲ. ಈಗ ಅದಕ್ಕೆ ಸೋನಿಯೂ ಸೇರಿಕೊಂಡಿದೆ. ತಾಲ್ಲೂಕು ಕೇಂದ್ರದ ಯಾವುದಾದರೂ ಸ್ಟುಡಿಯೋ ಮುಂದೆ ನಾಲ್ಕು ಜನ ಫೋಟೋಗ್ರಾಫರುಗಳು ಚಹಾ ಹಿಡಿದು ನಿಂತರೆ ಸಾಕು, ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫ್ರೇಮ್, ಕತ್ತಲಲ್ಲಿ ಯಾವುದರ ಚಿತ್ರ ಚೆನ್ನ ಎಂದು ಮಾತು ಶುರುವಾಗುತ್ತದೆ. ಜಗಳ ಆಡಲಿ, ತಪ್ಪೇನಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಅಲ್ಲಿ ಏಳುವುದೇ ಇಲ್ಲ. ಕೆಲಸದ ನಡುವೆ ಕ್ಯಾಮೆರಾ ನಿಂತುಹೋದರೆ ನಷ್ಟ ಯಾರ ತಲೆಗೆ?

ಉತ್ತರ ಎಲ್ಲರಿಗೂ ಗೊತ್ತು. ಧಾರೆ ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ. ಹೊಳೆ ಉಕ್ಕಿ ಕೊಚ್ಚಿಹೋದ ಸೇತುವೆ ನಮ್ಮ ಫೋಟೋಕ್ಕಾಗಿ ಎರಡನೇ ಸಲ ಕೊಚ್ಚಿಹೋಗುವುದಿಲ್ಲ. ಚಿತ್ರ ಬರದಿದ್ದರೆ ಮದುವೆ ಮನೆಯವರು ಜಪಾನಿನ ಕಂಪನಿಯನ್ನು ಬೈಯುವುದಿಲ್ಲ, ಮುಂಗಡ ವಾಪಸ್ ಕೊಡು ಎಂದು ಫೋಟೋಗ್ರಾಫರನ ಅಂಗಿ ಹಿಡಿಯುತ್ತಾರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತವರೂ ‘ಫೋಟೋ ಎಲ್ಲಿ?’ ಎಂದಷ್ಟೇ ಕೇಳುತ್ತಾರೆ. ಯಂತ್ರ ಕೆಟ್ಟರೂ ಮರ್ಯಾದೆ ಹೋಗುವುದು ಮನುಷ್ಯನದು.

ನಾವು ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದವರು. ತರಗತಿಯಲ್ಲಿ ಅಪರ್ಚರ್, ಶಟರ್ ಸ್ಪೀಡ್ ಕಲಿಸಿದರು. ಸಾಲ ಮಾಡಿ ಕೊಂಡ ಕ್ಯಾಮೆರಾ ಸಾಲ ತೀರುವ ಮೊದಲೇ ಕೆಟ್ಟರೆ ಏನು ಮಾಡಬೇಕು ಎಂದು ಯಾರೂ ಕಲಿಸಲಿಲ್ಲ. ಅದಕ್ಕೇ ಈ ಬರಹ. ನಮ್ಮ ನಿಲುವು ಇಷ್ಟು: ತಾಲ್ಲೂಕು ಮಟ್ಟದಲ್ಲಿ ದುಡಿಯುವವನಿಗೆ ಮೊದಲು ಬೇಕಾದದ್ದು ಭರವಸೆ, ಸಾಮರ್ಥ್ಯ ಆಮೇಲೆ. ಆ ಭರವಸೆ ಬ್ರ್ಯಾಂಡಿನ ಹೆಸರಿನಿಂದ ಬರುವುದಿಲ್ಲ.

ಹೆಸರಿನಿಂದ ಬರುವಂತಿದ್ದರೆ 2007ರ ಕಥೆ ನಡೆಯುತ್ತಲೇ ಇರಲಿಲ್ಲ. ಆ ವರ್ಷ ಕ್ಯಾನನ್ ಕಂಪನಿ ಇಒಎಸ್-1ಡಿ ಮಾರ್ಕ್ 3 ಎಂಬ ಕ್ಯಾಮೆರಾ ತಂದಿತು. ಸೆಕೆಂಡಿಗೆ 10 ಚಿತ್ರ, 3 ಲಕ್ಷ ಕ್ಲಿಕ್ ಬಾಳಿಕೆಯ ಶಟರ್. ಕ್ರೀಡಾ ಛಾಯಾಗ್ರಾಹಕರಿಗೆಂದೇ ಮಾಡಿದ್ದು. ಆದರೆ ಪ್ರಖರ ಬಿಸಿಲಿನಲ್ಲಿ ಓಡುವ ಆಟಗಾರನನ್ನು ಹಿಂಬಾಲಿಸುವಾಗ ಫೋಕಸ್ ತಪ್ಪುತ್ತಿದೆ ಎಂಬ ದೂರು ಬಂತು. ಆಗಲೂ ‘ಸೆಟ್ಟಿಂಗ್ ಸರಿಮಾಡಿಕೊಳ್ಳಿ’ ಎಂದು ಬುದ್ಧಿ ಹೇಳುವವರಿಗೆ ಕೊರತೆ ಇರಲಿಲ್ಲ. ರಾಬ್ ಗಾಲ್ಬ್ರೇತ್ ಎಂಬ ಕೆನಡಾದ ಪತ್ರಿಕಾ ಛಾಯಾಗ್ರಾಹಕ ಸುಮ್ಮನಾಗಲಿಲ್ಲ. ಸಾವಿರಾರು ಚಿತ್ರ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ತಮ್ಮ ವೆಬ್‌ಸೈಟಿನಲ್ಲಿ ಎಲ್ಲರ ಮುಂದಿಟ್ಟರು. ವರ್ಷದ ಕೊನೆಯ ಹೊತ್ತಿಗೆ ಕಂಪನಿ ಒಳಗಿನ ಉಪಕನ್ನಡಿಯ ಭಾಗದಲ್ಲಿ ದೋಷವಿದೆ ಎಂದು ಒಪ್ಪಿಕೊಂಡು ದುರಸ್ತಿಗೆ ಇಳಿಯಿತು. ಅದೇ ವರ್ಷ ನಿಕಾನ್ ಡಿ3 ತಂದಿತ್ತು. ಕತ್ತಲಲ್ಲೂ ಒಳ್ಳೆಯ ಚಿತ್ರ, ಎರಡು ಕಾರ್ಡ್ ಹಾಕುವ ಜಾಗ. ಹಲವು ಕ್ರೀಡಾ ಛಾಯಾಗ್ರಾಹಕರು ಆ ಕಡೆ ವಾಲಿದರು.

ಹಾಗಾದರೆ ನಿಕಾನ್ ಗೆದ್ದಿತೇ? 2012ರಲ್ಲಿ ಅದೇ ನಿಕಾನಿನ ಡಿ600 ಬಂತು. ಹೊಸ ಕ್ಯಾಮೆರಾದ ಸೆನ್ಸರ್ ಮೇಲೆ ಎಣ್ಣೆ, ದೂಳಿನ ಚುಕ್ಕೆ. ಎಷ್ಟು ಒರೆಸಿದರೂ ಮತ್ತೆ ಚುಕ್ಕೆ. ಮರುವರ್ಷವೇ ಹೊಸ ಶಟರ್ ಹಾಕಿದ ಡಿ610 ಮಾರುಕಟ್ಟೆಗೆ ಬಂತು. 2014ರಲ್ಲಿ, ವಾರಂಟಿ ಮುಗಿದಿದ್ದರೂ ಡಿ600ರ ಶಟರನ್ನು ಉಚಿತವಾಗಿ ಬದಲಿಸುವುದಾಗಿ ಕಂಪನಿ ಹೇಳಿತು. ಚೀನಾದ ಸರ್ಕಾರಿ ಟಿವಿ ಗ್ರಾಹಕರ ಹಕ್ಕಿನ ದಿನದಂದು ಈ ವಿಷಯ ಎತ್ತಿಕೊಂಡ ಮೇಲೆ ಅಲ್ಲಿ ಆ ಮಾದರಿಯ ಮಾರಾಟ ನಿಲ್ಲಿಸುವಂತೆ ಆದೇಶವೂ ಆಯಿತು.

ಎರಡೂ ಕಡೆ ಪಾಠ ಒಂದೇ. ಯಾವ ಕಂಪನಿಯ ಯಂತ್ರವೂ ಕೈಕೊಡಬಹುದು. ಕೈಕೊಟ್ಟಾಗ ಕಂಪನಿ ಬಾಗಿದ್ದು ಬಳಕೆದಾರರು ದಾಖಲೆ ಹಿಡಿದು ನಿಂತಿದ್ದರಿಂದ. ‘ನನ್ನ ಕೈಯೇ ಸರಿಯಿಲ್ಲವೇನೋ’ ಎಂದು ಒಬ್ಬೊಬ್ಬರೇ ಕೊರಗಿದ್ದರೆ ಏನೂ ಆಗುತ್ತಿರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಕತ್ತಲ ಗರ್ಭಗುಡಿಯಲ್ಲಿ, ರಾತ್ರಿ ಬಯಲಾಟದಲ್ಲಿ ಚಿತ್ರವೇ ಬಾರದಿದ್ದರೆ ಕ್ಯಾಮೆರಾ ಎಷ್ಟು ಗಟ್ಟಿಯಿದ್ದು ಏನು ಪ್ರಯೋಜನ? ಸರಿಯಾದ ಮಾತು. ಕೆಲಸಕ್ಕೆ ಬೇಕಾದಷ್ಟು ಸಾಮರ್ಥ್ಯ ಇರಲೇಬೇಕು. ನಮ್ಮ ತಕರಾರು ಅದರಾಚೆಗಿನ ದುಡ್ಡಿನ ಬಗ್ಗೆ. 1999ರಲ್ಲಿ ಬಂದು ಪತ್ರಿಕಾ ಛಾಯಾಗ್ರಹಣದ ದಾರಿಯನ್ನೇ ಬದಲಿಸಿದ ನಿಕಾನ್ ಡಿ1 ಕ್ಯಾಮೆರಾಕ್ಕೆ ಇದ್ದದ್ದು 2.7 ಮೆಗಾಪಿಕ್ಸೆಲ್. ಅದರ ಚಿತ್ರಗಳು ಪತ್ರಿಕೆಗಳ ಮುಖಪುಟದಲ್ಲಿ ಅಚ್ಚಾದವು. ಇವತ್ತಿನ 24 ಮೆಗಾಪಿಕ್ಸೆಲ್ ನಮ್ಮ ಜಿಲ್ಲಾ ಪುಟಕ್ಕೂ ಮದುವೆ ಆಲ್ಬಮ್ಮಿಗೂ ಧಾರಾಳ. 45 ಮೆಗಾಪಿಕ್ಸೆಲ್ಲಿಗೆ ಹೆಚ್ಚುವರಿ ಸಾಲ ಮಾಡುವ ಬದಲು ಅದೇ ಹಣದಲ್ಲಿ ಹಳೆಯದೊಂದು ಎರಡನೇ ಬಾಡಿ ಕೊಂಡರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದ್ದು ಏನು?

ಮೊದಲನೆಯದು ಕಾರ್ಡ್. ಎರಡು ಕಾರ್ಡ್ ಹಾಕಿ, ಒಂದೇ ಚಿತ್ರ ಎರಡರಲ್ಲೂ ದಾಖಲಾಗುವಂತೆ ಇಟ್ಟರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಮದುವೆ ಫೋಟೋಗ್ರಾಫರುಗಳು ಬಹುವಾಗಿ ಮೆಚ್ಚಿದ 5ಡಿ ಮಾರ್ಕ್ 2ರಲ್ಲಿ ಒಂದೇ ಕಾರ್ಡಿಗೆ ಜಾಗ ಇತ್ತು. 2018ರಲ್ಲಿ ಬಂದ ನಿಕಾನ್ ಝಡ್6, ಝಡ್7 ಮತ್ತು ಕ್ಯಾನನ್ ಇಒಎಸ್ ಆರ್ ಕೂಡ ಒಂದೇ ಕಾರ್ಡಿನವು. ಬಳಕೆದಾರರು ಗಲಾಟೆ ಮಾಡಿದರು. 2020ರ ಝಡ್6 2, ಝಡ್7 2ರಲ್ಲಿ ಎರಡು ಕಾರ್ಡ್ ಬಂದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬಾರದು.

ಎರಡನೆಯದು ಶಟರ್. 5ಡಿ ಮಾರ್ಕ್ 4ರ ಶಟರ್ ಬಾಳಿಕೆ 1.5 ಲಕ್ಷ ಕ್ಲಿಕ್ ಎನ್ನುತ್ತದೆ ಕಂಪನಿ, ನಿಕಾನ್ ಡಿ850ರದ್ದು 2 ಲಕ್ಷ, ಡಿ5ರದ್ದು 4 ಲಕ್ಷ. ನಮ್ಮ ಲೆಕ್ಕ ಹಾಕೋಣ. ಒಂದು ಮದುವೆಗೆ 2,500 ಕ್ಲಿಕ್, ವರ್ಷಕ್ಕೆ 40 ಮದುವೆ ಅಂದರೆ 1 ಲಕ್ಷ ಕ್ಲಿಕ್. 1.5 ಲಕ್ಷದ ಶಟರ್ ಒಂದೂವರೆ ವರ್ಷಕ್ಕೆ ತನ್ನ ಲೆಕ್ಕ ಮುಗಿಸುತ್ತದೆ. ಅದರಾಚೆಗೂ ಓಡಬಹುದು, ಅದಕ್ಕೂ ಮೊದಲೇ ನಿಲ್ಲಬಹುದು. ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡದೆ ಹಳೆಯ ಬೈಕ್ ಕೊಳ್ಳುತ್ತೇವೆಯೇ? ಕ್ಯಾಮೆರಾಕ್ಕೂ ಅದೇ ನಿಯಮ. ನಿಕಾನ್ ಕ್ಯಾಮೆರಾಗಳ ಫೋಟೋ ಫೈಲಿನಲ್ಲೇ ಕ್ಲಿಕ್ ಸಂಖ್ಯೆ ಅಡಗಿರುತ್ತದೆ, ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. 2021ರ ಝಡ್9ರಂಥ ಹೊಸ ಕ್ಯಾಮೆರಾದಲ್ಲಿ ಯಾಂತ್ರಿಕ ಶಟರೇ ಇಲ್ಲ, ಸವೆಯುವ ಮಾತೂ ಇಲ್ಲ. ಆದರೆ ಅದರ ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ.

ಮೂರನೆಯದು ನಮ್ಮ ಹವೆ. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ: 0ಯಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 85ಕ್ಕಿಂತ ಕಡಿಮೆ ತೇವಾಂಶ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಬಿಸಿಲು ಈ 40ನ್ನು ದಾಟುತ್ತದೆ. ಮಳೆಗಾಲದ ಮಲೆನಾಡು, ಕರಾವಳಿ ಆ 85ನ್ನು ದಾಟುತ್ತವೆ. 2020ರಲ್ಲಿ ಬಂದ ಕ್ಯಾನನ್ ಆರ್5 ಅತಿ ದೊಡ್ಡ ಗಾತ್ರದ 8ಕೆ ವಿಡಿಯೋವನ್ನು 23 ಡಿಗ್ರಿ ಹವೆಯಲ್ಲಿ ಸುಮಾರು 20 ನಿಮಿಷ ಮಾತ್ರ ತೆಗೆಯಬಲ್ಲದು, ಆಮೇಲೆ ಕಾವೇರಿ ನಿಲ್ಲುತ್ತದೆ ಎಂದು ಕಂಪನಿಯೇ ಹೇಳಿತ್ತು. ನಮ್ಮೂರ ಮೇ ತಿಂಗಳಲ್ಲಿ 23 ಡಿಗ್ರಿ ಎಲ್ಲಿಂದ ತರೋಣ? ನಗರದ ಏಸಿ ಕೋಣೆಯಲ್ಲಿ ಕೂತು ಬರೆದ ವಿಮರ್ಶೆ ಓದಿ ಕ್ಯಾಮೆರಾ ಕೊಳ್ಳುವ ಮೊದಲು, ನಮ್ಮದೇ ಹವೆಯಲ್ಲಿ ಅದನ್ನು ಎರಡು ಮಳೆಗಾಲ, ಎರಡು ಬೇಸಿಗೆ ಬಳಸಿದವರನ್ನು ಕೇಳಿ.

ನಾಲ್ಕನೆಯದು ಬಿಲ್ಲು. ತೆರಿಗೆ ಉಳಿಯುತ್ತದೆಂದು ಬಿಲ್ಲಿಲ್ಲದ ಕ್ಯಾಮೆರಾ ತಂದರೆ ಕೆಟ್ಟ ದಿನ ನಾವು ಯಾರೂ ಅಲ್ಲ. ಬಿಲ್ಲಿದ್ದರೆ ಕಾನೂನು ಜೊತೆಗಿರುತ್ತದೆ. ದುಡಿಮೆಗಾಗಿ ಕೊಂಡ ವಸ್ತು ಎಂದರೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು ಹಲವರು ನಂಬಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವವನೂ ಅದರ ಪ್ರಕಾರ ಗ್ರಾಹಕನೇ. ಕಂಪನಿಯ ಕಚೇರಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇದ್ದರೂ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ.

ಇಷ್ಟೆಲ್ಲ ಹೊರೆಯನ್ನು ಫೋಟೋಗ್ರಾಫರ್ ಒಬ್ಬನ ಹೆಗಲಿಗೇ ಹೊರಿಸಿ ಬರಹ ಮುಗಿಸಿದರೆ ಅದು ಅನ್ಯಾಯ. ನಮ್ಮ ವೃತ್ತಿಯವರೂ ತಮ್ಮ ಪಾಲನ್ನು ಹೊರಬೇಕು. ತಾಲ್ಲೂಕಿನಿಂದ ಸುದ್ದಿ, ಫೋಟೋ ಕಳಿಸುವ ಹೆಚ್ಚಿನವರಿಗೆ ಸಂಬಳವಿಲ್ಲ, ಚಿತ್ರಕ್ಕಿಷ್ಟು ಎಂದು ಕೊಡುತ್ತಾರೆ, ಅದೂ ತಿಂಗಳುಗಟ್ಟಲೆ ತಡವಾಗಿ. ಕ್ಯಾಮೆರಾ ಅವರದ್ದು, ಸಾಲ ಅವರದ್ದು, ರಿಪೇರಿ ಅವರದ್ದು. ಮುಖಪುಟ ಮಾತ್ರ ಪತ್ರಿಕೆಯದ್ದು! ನೆರೆ ನೀರಿಗಿಳಿದು ಚಿತ್ರ ತಂದವನ ಕ್ಯಾಮೆರಾದೊಳಗೆ ನೀರು ಹೊಕ್ಕರೆ ವಾರಂಟಿ ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತದೆ. ಪತ್ರಿಕೆಯೂ ಕೈತೊಳೆದುಕೊಂಡರೆ ಅವನು ಮುಂದಿನ ನೆರೆಗೆ ದಡದಲ್ಲೇ ನಿಲ್ಲುತ್ತಾನೆ. ಓದುಗರಿಗೆ ಸಿಗುವುದೂ ದಡದಿಂದ ತೆಗೆದ ಚಿತ್ರವೇ.

ಪತ್ರಿಕೆಗಳು, ಚಾನೆಲ್ಲುಗಳು ಪ್ರತಿ ಜಿಲ್ಲಾ ಕಚೇರಿಯಲ್ಲಿ ಒಂದು ಹೆಚ್ಚುವರಿ ಬಾಡಿ ಇಡಲಿ. ಅಪಾಯದ ಕೆಲಸದಲ್ಲಿ ಕೆಟ್ಟ ಕ್ಯಾಮೆರಾದ ರಿಪೇರಿ ಖರ್ಚು ಭರಿಸಲಿ. ಅವು ಮಾಡುವ ತನಕ ನಾವೂ ಕೈಕಟ್ಟಿ ಕೂರಬೇಕಿಲ್ಲ. ತಾಲ್ಲೂಕು ಫೋಟೋಗ್ರಾಫರುಗಳ ಸಂಘಗಳು ವರ್ಷಕ್ಕೊಮ್ಮೆ ಸನ್ಮಾನ, ಶಾಲು, ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳಲಿ. ಯಾರದ್ದು ಕೆಟ್ಟರೂ ಆ ದಿನದ ಮಟ್ಟಿಗೆ ಕೊಡಲಿ. ಜೊತೆಗೊಂದು ನೋಟ್‌ಬುಕ್ ಇರಲಿ. ಯಾವ ಮಾದರಿ, ಎಷ್ಟು ಕ್ಲಿಕ್ ಆಗಿತ್ತು, ಏನು ಕೆಟ್ಟಿತು, ಸರ್ವೀಸ್ ಸೆಂಟರಿನಲ್ಲಿ ಎಷ್ಟು ದಿನ ಕೂತಿತು, ಎಷ್ಟು ಖರ್ಚಾಯಿತು ಎಂದು ಎಲ್ಲರೂ ಬರೆಯಲಿ. ಮೂರು ವರ್ಷ ಬರೆದರೆ, ನಮ್ಮ ಬಿಸಿಲು ಮಳೆಯಲ್ಲಿ ಯಾವ ಕ್ಯಾಮೆರಾ ಬಾಳುತ್ತದೆ ಎಂಬುದಕ್ಕೆ ಯಾವ ಜಾಹೀರಾತಿಗಿಂತಲೂ ನಂಬಬಹುದಾದ ದಾಖಲೆ ನಮ್ಮ ಕೈಯಲ್ಲಿರುತ್ತದೆ. ಒಂದೇ ದೋಷ ಹತ್ತು ಜನರ ಕ್ಯಾಮೆರಾದಲ್ಲಿ ಕಂಡರೆ ಹತ್ತು ಸಹಿಯ ಒಂದು ಪತ್ರ ಕಂಪನಿಗೆ ಹೋಗಲಿ.

ನಿಮ್ಮ ತಾಲ್ಲೂಕಿನಲ್ಲಿ ಇಂಥದ್ದೇನಾದರೂ ನಡೆಯುತ್ತಿದ್ದರೆ ಬರೆಯಿರಿ. ನಿಮ್ಮ ಕ್ಯಾಮೆರಾ ಎಷ್ಟು ಕ್ಲಿಕ್ ಮುಗಿಸಿದೆ, ಏನೇನು ಕೆಟ್ಟಿದೆ ಎಂಬುದನ್ನೂ ಬರೆಯಿರಿ. ಆ ನೋಟ್‌ಬುಕ್ಕಿನ ಮೊದಲ ಪುಟ ಇಲ್ಲಿಂದಲೇ ಶುರುವಾಗಲಿ. ಏನಂತೀರಿ?