ತಡೆಯುವವರಿಗೂ ಒಂದು ಚಪ್ಪಾಳೆ ಬೇಕು

ಗೆದ್ದರೆ ಗೋಲು ಹೊಡೆದವನ ಹೆಸರು, ಸೋತರೆ ಹಿಂದೆ ನಿಂತವನ ತಪ್ಪು. ಉಪ್ಪಳದಿಂದ ತ್ರಿಕ್ಕರಿಪುರದವರೆಗೆ ಯಾವ ಸೆವೆನ್ಸ್ ಮೈದಾನಕ್ಕೆ ಹೋದರೂ ನ್ಯಾಯ ಇದೇ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲೂ ಇದಕ್ಕಿಂತ ಬೇರೆ ಇಲ್ಲ ಅನ್ನುವುದು ನನಗೆ ಗೊತ್ತಾದದ್ದು 2024ರಲ್ಲಿ. ಲಾಸ್ ಏಂಜಲೀಸಿನಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಅಲ್ಲಿನ ಯುಎಸ್‌ಸಿ, ಅಂದರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ತಂಡದ ಹುಚ್ಚು ಹಿಡಿಸಿಕೊಂಡು ನನಗೂ ಅಂಟಿಸಿದ. ಆ ವರ್ಷ ಸೆಪ್ಟೆಂಬರಿನಲ್ಲಿ ಅವನೂ ಅವನ ಗೆಳೆಯರೂ ಹೇಳುತ್ತಿದ್ದದ್ದು ಒಂದೇ ಮಾತು: "ಈ ಸಲ ನಮ್ಮ ಡಿಫೆನ್ಸ್ ಸುಧಾರಿಸಿದೆ." ವರ್ಷ ಮುಗಿಯುವಾಗ ತಂಡ 7 ಗೆದ್ದು 6 ಸೋತಿತ್ತು. "ಎಲ್ಲಿ ಹೋಯಿತು ನಿಮ್ಮ ಸುಧಾರಣೆ?" ಎಂದು ನಗುವವರು ಬಂದರು. ನನ್ನ ಅಭಿಪ್ರಾಯದಲ್ಲಿ ಸೆಪ್ಟೆಂಬರಿನ ಮಾತೇ ಸರಿ, ಡಿಸೆಂಬರಿನ ನಗುವೇ ತಪ್ಪು. ಯಾಕೆಂದು ಹೇಳುತ್ತೇನೆ.

ಈ ಆಟ ನೋಡದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಇನ್ನೂ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ತಡೆಯಲು ಬೇರೆಯೇ 11 ಜನ ಇಳಿಯುತ್ತಾರೆ. ಅವರ ಕೆಲಸ ನಮ್ಮ ಕಬಡ್ಡಿಯಲ್ಲಿ ಹಿಡಿಯುವವರ ಕೆಲಸದ ಹಾಗೆ. ಒಬ್ಬ ಕಾಲು ಹಿಡಿದರೆ ಸಾಲದು, ಉಳಿದವರು ಅದೇ ಕ್ಷಣ ಮೇಲೆ ಬೀಳಬೇಕು. ಒಬ್ಬ ತನ್ನ ಜಾಗ ಬಿಟ್ಟರೆ ಸಾಲು ಒಡೆದು ಹೋಯಿತು.

2023ರಲ್ಲಿ ಯುಎಸ್‌ಸಿಯ ಸಾಲು ಒಡೆದೇ ಇತ್ತು. ಪಂದ್ಯಕ್ಕೆ ಸರಾಸರಿ 34ಕ್ಕಿಂತ ಹೆಚ್ಚು ಅಂಕ ಬಿಟ್ಟುಕೊಟ್ಟ ತಂಡ ಅದು. ಕ್ಯಾಲಿಫೋರ್ನಿಯಾ ವಿರುದ್ಧ 50-49, ಅರಿಜೋನಾ ವಿರುದ್ಧ 43-41 ಎಂದು ಗೆದ್ದಾಗಲೂ ಅಭಿಮಾನಿಗಳಿಗೆ ಎದೆ ಡವಡವ. ಕೇಲೆಬ್ ವಿಲಿಯಮ್ಸ್‌ನಂಥ ಆಟಗಾರ ಚೆಂಡು ಎಸೆದು ಅಂಕ ತರುತ್ತಿದ್ದ, ಹಿಂದಿನವರು ಅಷ್ಟನ್ನೂ ಕಳೆಯುತ್ತಿದ್ದರು. ನವೆಂಬರಿನಲ್ಲಿ ವಾಷಿಂಗ್ಟನ್ ಎದುರು 52-42ರಿಂದ ಸೋತ ಮರುದಿನವೇ ಡಿಫೆನ್ಸ್ ಕೋಚ್ ಅಲೆಕ್ಸ್ ಗ್ರಿಂಚ್ ಅವರನ್ನು ತೆಗೆದರು. ಅವರ ಜಾಗಕ್ಕೆ ಬಂದವರು ಡಿ'ಆಂಟನ್ ಲಿನ್. ಬಂದದ್ದು ಎಲ್ಲಿಂದ? ಅದೇ ಊರಿನ ಎದುರಾಳಿ ಯುಸಿಎಲ್‌ಎಯಿಂದ. ಅದೇ ನವೆಂಬರಿನಲ್ಲಿ ಯುಎಸ್‌ಸಿಯನ್ನು 38-20ರಿಂದ ಸೋಲಿಸಿದ ಡಿಫೆನ್ಸ್ ಅವರದ್ದೇ. ಕಮಾರಿ ರ್‍ಯಾಮ್ಸಿಯಂಥ ಆಟಗಾರರೂ ಅವರ ಹಿಂದೆಯೇ ಬಂದರು.

ಇನ್ನು ಸೀಸನ್ನಿನ ಆರಂಭ. ಮೊದಲ ಪಂದ್ಯ ಲಾಸ್ ವೇಗಾಸಿನಲ್ಲಿ ಎಲ್‌ಎಸ್‌ಯು ವಿರುದ್ಧ, 27-20 ಗೆಲುವು. ಎರಡನೆಯದು ಯೂಟಾ ಸ್ಟೇಟ್ ವಿರುದ್ಧ 48-0. ಎದುರಾಳಿಗೆ ಒಂದೂ ಅಂಕ ಕೊಡದೆ ಯುಎಸ್‌ಸಿ ಗೆದ್ದದ್ದು 2011ರ ನಂತರ ಅದೇ ಮೊದಲು. ಕುಣಿಯುವವರು 48-0 ನೋಡಿ ಕುಣಿದರು. ಆದರೆ ತಂಗಿಯ ಮಗನ ಗುಂಪಿನಲ್ಲಿ ಬುದ್ಧಿವಂತರು ಇದ್ದರು. ಯೂಟಾ ಸ್ಟೇಟ್ ಬಲವಾದ ತಂಡವಲ್ಲ, ಆ ಸೊನ್ನೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ, ಎಲ್‌ಎಸ್‌ಯುವನ್ನು 20ಕ್ಕೆ ನಿಲ್ಲಿಸಿದ್ದೇ ನಿಜವಾದ ಸುದ್ದಿ ಎಂದರು. ಅಂಕಪಟ್ಟಿ ಬಿಟ್ಟು ಅವರು ನೋಡುತ್ತಿದ್ದದ್ದು ಬೇರೆ: ಮೊದಲು ಮುಟ್ಟಿದವನೇ ಕೆಡವುತ್ತಾನೋ, ಇಲ್ಲ ಕೈ ಜಾರುತ್ತದೋ? ಕೂಗದೆ ಎಲ್ಲರೂ ತಮ್ಮ ಜಾಗದಲ್ಲಿ ನಿಲ್ಲುತ್ತಾರೋ? ನೋಡುವ ಕ್ರಮ ಅಂದರೆ ಇದು.

ಮೂರನೇ ಪಂದ್ಯ ಮಿಷಿಗನ್‌ನಲ್ಲಿ, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ನರ ಮನೆಯಲ್ಲಿ, ಲಕ್ಷಕ್ಕೂ ಹೆಚ್ಚು ಜನರ ಮುಂದೆ. ಯುಎಸ್‌ಸಿ 27-24ರಿಂದ ಸೋತಿತು. ಮಿಷಿಗನ್ ಎಸೆತದಿಂದ ಗಳಿಸಿದ್ದು 32 ಗಜ ಮಾತ್ರ, ಓಡಿ ಗಳಿಸಿದ್ದು 290. ಕೊನೆಯ ದಾಳಿಯಲ್ಲಿ ಕೇಲೆಲ್ ಮಲ್ಲಿಂಗ್ಸ್ ಒಂದೇ ಓಟದಲ್ಲಿ 63 ಗಜ ದಾಟಿದ, 37 ಸೆಕೆಂಡು ಉಳಿದಿರುವಾಗ ಅವನೇ ಗೆರೆಯೊಳಗೆ ನುಗ್ಗಿದ. ಆ ಒಂದು ಓಟ ಎಲ್ಲರ ನೆನಪಿನಲ್ಲಿ ಉಳಿಯಿತು. ಆದರೆ ಆ 27ರಲ್ಲಿ ಒಂದು ಟಚ್‌ಡೌನ್, ಯುಎಸ್‌ಸಿಯವರು ಎಸೆದ ಚೆಂಡನ್ನು ಮಿಷಿಗನ್‌ನ ವಿಲ್ ಜಾನ್ಸನ್ ನಡುವೆ ಹಿಡಿದು ಓಡಿ ತಂದದ್ದು. ಆಗ ಯುಎಸ್‌ಸಿಯ ಡಿಫೆನ್ಸ್ ಮೈದಾನದಲ್ಲೇ ಇರಲಿಲ್ಲ. ಲೆಕ್ಕ ಮಾತ್ರ ಅವರ ತಲೆಗೆ.

ವರ್ಷ ಪೂರ್ತಿ ಇದೇ ಕಥೆ. ಮಿಷಿಗನ್ ಎದುರು 3 ಅಂಕ, ಮಿನೆಸೋಟ ಎದುರು 7, ಮೇರಿಲ್ಯಾಂಡ್ ಎದುರು 1, ಪೆನ್ ಸ್ಟೇಟ್ ಎದುರು ಹೆಚ್ಚುವರಿ ಸಮಯದಲ್ಲಿ 3, ವಾಷಿಂಗ್ಟನ್ ಎದುರು 5. ಐದು ಸೋಲುಗಳ ಅಂತರ ಕೂಡಿಸಿದರೂ 19 ಅಂಕ. ಬಿಟ್ಟುಕೊಟ್ಟ ಅಂಕದ ಸರಾಸರಿ 34ರಿಂದ 24ರ ಹತ್ತಿರಕ್ಕೆ ಇಳಿದಿತ್ತು. ಪಂದ್ಯಕ್ಕೆ 10 ಅಂಕ ಉಳಿಸಿದವರನ್ನು ಸುಧಾರಿಸಿಲ್ಲ ಅನ್ನುವುದು ಯಾವ ಲೆಕ್ಕ?

ಇದಕ್ಕೆ ಎದುರು ಮಾತೊಂದಿದೆ, ಅದರಲ್ಲಿ ತೂಕವೂ ಇದೆ. ಮುಂದಿದ್ದ ಪಂದ್ಯವನ್ನು ಕೊನೆಯ ಕ್ವಾರ್ಟರಿನಲ್ಲಿ ಬಿಟ್ಟುಕೊಡುವ ಡಿಫೆನ್ಸ್ ಎಂಥ ಡಿಫೆನ್ಸ್ ಎಂದು ಕೇಳುತ್ತಾರೆ. ಹೌದು, ಬಲವಾಗಿ ಓಡಿ ನುಗ್ಗುವವರನ್ನು ತಡೆಯುವಲ್ಲಿ ಈ ತಂಡ ಸೋತಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸುಧಾರಿಸುವುದು ಬೇರೆ, ಗುರಿ ಮುಟ್ಟುವುದು ಬೇರೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹತ್ತು ಸೋರುವ ಜಾಗದಲ್ಲಿ ಏಳನ್ನು ಸರಿ ಮಾಡಿದವನಿಗೆ "ಇನ್ನು ಮೂರು ಬಾಕಿ ಇದೆ" ಎಂದು ಹೇಳಬಹುದು. "ನೀನು ಏನೂ ಮಾಡಿಲ್ಲ" ಎಂದು ಹೇಳಬಾರದು.

ಇದನ್ನು ನಮ್ಮ ಮನೆಗಳಲ್ಲಿ ಕೂತು ಓದುವವರಿಗೆ ಯಾಕೆ ಹೇಳುತ್ತಿದ್ದೇನೆ? ನಾವು ಮಕ್ಕಳನ್ನು ಅಳೆಯುವುದೂ ಹೀಗೇ. ಕಳೆದ ವರ್ಷ ಗಣಿತದಲ್ಲಿ 34 ತಂದ ಹುಡುಗ ಈ ವರ್ಷ ಓಣಂ ಪರೀಕ್ಷೆಯಲ್ಲಿ 55 ತಂದರೆ ಉಮ್ಮ ಒಂದು ದಿನ ಖುಷಿ ಪಡುತ್ತಾಳೆ. ಕ್ರಿಸ್ಮಸ್ ಪರೀಕ್ಷೆಯಲ್ಲಿ 51 ಆದ ಕೂಡಲೇ ಬಾಪ ಗಲ್ಫಿನಿಂದ ಫೋನ್ ಮಾಡಿ, "ನಿನಗೆ ಬುದ್ಧಿ ಬರುವುದೇ ಇಲ್ಲ" ಅನ್ನುತ್ತಾನೆ. 34ನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಆ ಹುಡುಗ ಕಲಿಯುವ ಪಾಠ ಒಂದೇ: ಪ್ರಯತ್ನ ಪಟ್ಟರೂ ಬೈಗುಳ, ಪಡದಿದ್ದರೂ ಬೈಗುಳ. ಮತ್ತೆ ಯಾಕೆ ಕಷ್ಟಪಡಬೇಕು? ಮೈದಾನದಲ್ಲೂ ಹಾಗೇ. ನಮ್ಮ ಹುಡುಗರೆಲ್ಲ ಫಾರ್ವರ್ಡ್ ಆಡಲು ಹಟ ಹಿಡಿಯುತ್ತಾರೆ, ಹಿಂದೆ ನಿಲ್ಲಲು ಯಾರೂ ಇಲ್ಲ. ಹಿಂದೆ ನಿಂತವನಿಗೆ ನಾವು ಕೊಡುವುದು ಬೈಗುಳ ಮಾತ್ರ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಆರಂಭದಲ್ಲೇ ಹೊಗಳಿ ಅಟ್ಟಕ್ಕೇರಿಸಿ ಎಂದು ನಾನು ಹೇಳುವುದಿಲ್ಲ. 48-0ನ್ನು ನಂಬಬೇಡಿ, ಎದುರಿಗೆ ಯಾರಿದ್ದರು ಎಂದು ನೋಡಿ. ಎಲ್ಲಿಂದ ಹೊರಟರು, ಈಗ ಎಲ್ಲಿದ್ದಾರೆ ಎಂದು ಅಳೆಯಿರಿ. ಉಳಿದ ಕೊರತೆಯನ್ನು ಹೆಸರಿಟ್ಟು ಹೇಳಿ, ಆದರೆ ಒಂದು ಸೋಲಿಗೆ ಹಿಂದಿನ ಶ್ರಮವನ್ನೆಲ್ಲ ಅಳಿಸಬೇಡಿ. ಮುಂದಿನ ಸಲ ಊರಿನ ಮೈದಾನದಲ್ಲಿ ನಿಂತಾಗ ಗೋಲು ಹೊಡೆದವನಿಗೆ ಹೇಗೂ ಚಪ್ಪಾಳೆ ಸಿಗುತ್ತದೆ. ಬೀಳಬೇಕಿದ್ದ ಗೋಲನ್ನು ತಡೆದ ಹುಡುಗ ಮಂಡಿಯ ಮಣ್ಣು ಒರೆಸಿಕೊಂಡು ಏಳುವಾಗ, ಅವನ ಹೆಸರು ಹಿಡಿದು ಒಂದು ಸಲ ಜೋರಾಗಿ ಕೂಗಿ.