ಗೈಡರ್ ಕಡೀಗಿರ್ಲಿ, ಮೊದ್ಲು ಸ್ಟ್ಯಾಂಡ್ ಗಟ್ಟಿ ಆಗ್ಲಿ

ಹ್ವಾದ ತಿಂಗಳ ಭಿಶಿ ನನಗ ಹತ್ತಿತ್ತಲ್ಲ, "ರೊಕ್ಕ ಏನ್ ಮಾಡಿದ್ರಿ ವೈನಿ?" ಅಂತ ಎಲ್ಲಾರೂ ಕೇಳಲಿಕ್ಕೆ ಹತ್ತೀರಿ. ಮಗಳು ಅದನ್ನ ಗೈಡರ್ ತಗೊಳ್ಳಿಕ್ಕೆ ಕೇಳಿದ್ಲು, ನಾ ತಡಿ ಅಂದೆ. ಅದಕ್ಕ ನಾ ಜಿಪುಣಿ ಅಂತ ಮಾತಾಗ್ಯಾವ. ನನ್ನ ವಿಚಾರ ಹೇಳ್ತೀನಿ, ಕೇಳ್ರಿ. ಈ ಚುಕ್ಕಿ ಫೋಟೋದ ಹುಚ್ಚು ನಾಳೆ ನಿಮ್ಮ ಮನಿಗೂ ಬಂದೀತು.

ಭೂಮಿ ತಿರುಗೂದ್ರಿಂದ ಆಕಾಶ ತಾಸಿಗೆ 15 ಡಿಗ್ರಿ ಸರೀತದ. ಕ್ಯಾಮೆರಾ ಸುಮ್ನ ಇಟ್ರ 50 ಎಂಎಂ ಲೆನ್ಸಿನ್ಯಾಗ ಹತ್ತು ಸೆಕೆಂಡ್ ದಾಟೂದ್ರಾಗ ಚುಕ್ಕಿ ಶಾವಿಗಿ ಆಗ್ತಾವ. ಅದಕ್ಕ ಟ್ರ್ಯಾಕರ್ ಅಂತ ಒಂದು ಮೋಟಾರಿನ ಡಬ್ಬಿ ಬರ್ತದ, ಆಕಾಶದ ಕೂಡ ಕ್ಯಾಮೆರಾನೂ ತಿರಗಸ್ತದ. ಮಗಳು ತನ್ನ ಪಗಾರದಾಗ ಅದನ್ನ ತಗೊಂಡ್ಲು. ಆದ್ರ 200 ಎಂಎಂ ಲೆನ್ಸ್ ಹಾಕಿ ಕೃತ್ತಿಕಾ ನಕ್ಷತ್ರ ತಗದ್ರ ಚುಕ್ಕಿ ಅಕ್ಕಿಕಾಳಿನ್ಹಂಗ ಉದ್ದ ಬಂದ್ವು. "ಗೈಡರ್ ಇಲ್ಲದ ಆಗೂದೇ ಇಲ್ಲ" ಅಂದ ಅಂಗಡಿಯವ.

ಗೈಡರ್ ಅಂದ್ರ ಒಂದು ಸಣ್ಣ ದುರ್ಬೀನು, ಅದರ ಹಿಂದ ಇನ್ನೊಂದು ಸಣ್ಣ ಕ್ಯಾಮೆರಾ. ಹಾಲು ಉಕ್ಕದ್ಹಂಗ ಕಾಯ್ತೀವಲ್ಲ, ಹಂಗ ಅದು ಒಂದು ಚುಕ್ಕಿ ಮ್ಯಾಲೆ ಕಣ್ಣಿಟ್ಟು, ಸರದ ಕೂಡ್ಲೆ ಮೋಟಾರಿಗೆ ಹೇಳಿ ತಿದ್ದಸ್ತದ. ಅದನ್ನ ನಡಸೂ ಪಿಎಚ್‌ಡಿ2 ಅನ್ನೋ ತಂತ್ರಾಂಶ ಪುಕ್ಕಟ ಸಿಗ್ತದ. ಹೆಸರು ಕೇಳಿ ಇಕಿ ಮತ್ತ ಓದಲಿಕ್ಕೆ ಹೊಂಟ್ಲು ಅಂತ ಖುಷಿ ಆಗಿದ್ದೆ! ದುರ್ಬೀನು, ಕ್ಯಾಮೆರಾ, ವಾಯರು, ಬ್ಯಾಟರಿ ಮಾತ್ರ ಪುಕ್ಕಟ ಅಲ್ಲ.

"ಲೆಕ್ಕಾ ಹಾಕಿ ತೋರಸು" ಅಂದೆ. ಒಂದು ಡಿಗ್ರಿಯೊಳಗ 3600 ವಿಕಲೆ. ಆಕೀ ಕ್ಯಾಮೆರಾದ ಪಿಕ್ಸೆಲ್ ಸುಮಾರು 4 ಮೈಕ್ರಾನಿಂದು. 50ರ ಲೆನ್ಸಿನ್ಯಾಗ ಒಂದು ಪಿಕ್ಸೆಲಿನ್ಯಾಗ 16 ವಿಕಲೆ ಆಕಾಶ ಕೂಡ್ತದ, 200ರಾಗ ಬರೇ 4. ಅಂದ್ರ ಮೋಟಾರು 10 ವಿಕಲೆ ತಪ್ಪಿದ್ರ ಸಣ್ಣ ಲೆನ್ಸಿನ್ಯಾಗ ಗೊತ್ತಾಗೂದಿಲ್ಲ, ದೊಡ್ಡದ್ರಾಗ ಎದ್ದು ಕಾಣ್ತದ. ಸಣ್ಣ ಲೆನ್ಸಿಗೆ, ಒಂದೆರಡು ನಿಮಿಷದ ಫೋಟೋಕ್ಕ, ಗೈಡರ್ ಯಾಕ?

"ಮತ್ತ 200ಕ್ಕ ಬೇಕಲ್ಲ?" ಅಂತೀರಿ. ಖರೆ. ಆದ್ರ ಒಂದಿನ ರಾತ್ರಿ ಆಕೀ ಕೂಡ ಮಾಳಗಿ ಮ್ಯಾಲೆ ಹೋಗಿ ನೋಡಿದೆ. ಸ್ಟ್ಯಾಂಡಿನ ಕಾಲು ಪೂರಾ ಎತ್ತಿಟ್ಟಾಳ, ಗಾಳಿಗೆ ನಡಗ್ತಾವ. ಬೀಸೂಕಲ್ಲಿನ ನಡುವಿನ ಗೂಟ ಓರೆ ಇದ್ರ ಹಿಟ್ಟು ಸಣ್ಣ ಬಂದೀತ? ಟ್ರ್ಯಾಕರಿನ ಅಚ್ಚೂ ಹಂಗ, ಆಕಾಶ ಯಾವ ಗೂಟದ ಸುತ್ತ ತಿರಗತದೋ ಅದಕ್ಕ ನೆಟ್ಟಗ ಮುಖಾ ಮಾಡಬೇಕು. ಧ್ರುವ ನಕ್ಷತ್ರ ಆ ಗೂಟದ ಬಾಜೂಕ್ಕ ಅದ. ನಮ್ಮ ಧಾರವಾಡದಾಗ ಅದು ಬರೇ 15 ಡಿಗ್ರಿ ಎತ್ತರಕ್ಕ ಕಾಣ್ತದ, ಕೈ ಚಾಚಿ ಹಿಡದ್ರ ಒಂದೂವರಿ ಮುಷ್ಟಿ. ಬಾಜೂ ಮನಿ ನೀರಿನ ಟಾಕಿ ಅದನ್ನ ಮುಚ್ಚಿತ್ತು, ಇಕಿ ಅಂದಾಜಿಲೆ ಇಟ್ಟಿದ್ಲು. ಆಕೀ ಟ್ರ್ಯಾಕರಿಗೆ ಇರೂದು ಪೂರ್ವ-ಪಶ್ಚಿಮದ ಮೋಟಾರು ಒಂದ. ಚುಕ್ಕಿ ಉತ್ತರ-ದಕ್ಷಿಣಕ್ಕ ಜಾರಿದ್ರ ಗೈಡರ್ ಎಷ್ಟು ಬಡಕೊಂಡ್ರೂ ಕೇಳೂ ಮೋಟಾರ ಇಲ್ಲ!

ಮಾಳಗಿಯ ಇನ್ನೊಂದು ಮೂಲ್ಯಾಗ ಧ್ರುವ ಕಂಡ. ಕಾಲು ಗಿಡ್ಡ ಮಾಡಿ, ನಡುವ ಜ್ವಾಳದ ಚೀಲ ತೂಗಬಿಟ್ವಿ. ಫೋಕಸ್ ಸರೀಲಾರದ್ಹಂಗ ಲೆನ್ಸಿಗೆ ಟೇಪ್ ಸುತ್ತಿದ್ವಿ. ಅವತ್ತ 50ರ ಲೆನ್ಸಿನ್ಯಾಗ ಎರಡು ನಿಮಿಷದ ಫೋಟೋ ಬಂತು, ಚುಕ್ಕಿ ಸಾಸವಿಕಾಳಿನ್ಹಂಗ ದುಂಡಗ! 200ರಾಗ ಅರ್ಧ ನಿಮಿಷದ್ದು ಛಲೋ ಬಂತು. ಅದಕ್ಕೂ ಹೆಚ್ಚು ಹೊತ್ತಿನದು ಇನ್ನೂ ಕೆಡ್ತಾವ.

ಅದಕ್ಕ ನನ್ನ ಮಾತು ಇಷ್ಟ. ಮೊದ್ಲು ಗಟ್ಟಿ ಸ್ಟ್ಯಾಂಡು. ಆಮ್ಯಾಲೆ ಧ್ರುವಕ್ಕ ಹೊಂದಿಸೂ ರೂಢಿ, ಅದಕ್ಕ ರೊಕ್ಕ ಹತ್ತೂದಿಲ್ಲ, ತಾಳ್ಮಿ ಬೇಕು. ಆಮ್ಯಾಲೆ ಇಬ್ಬನಿ ಕೂಡಲಾರದ್ಹಂಗ ಲೆನ್ಸಿಗೆ ಸುತ್ತೂ ಬಿಸಿ ಪಟ್ಟಿ. ಕಡೀಗೆ ಗೈಡರ್. ಅದನ್ನೂ ಲೆನ್ಸನ್ನೂ ಒಂದ ಪಟ್ಟಿ ಮ್ಯಾಲೆ ಬಿಗಿಯಾಗಿ ಕೂಡಸಬೇಕು. ಗೈಡರ್ ಒಂದು ಕಡೆ, ಲೆನ್ಸ್ ಒಂದು ಕಡೆ ವಾಲಿದ್ರ ಕಾವಲು ಇದ್ದೂ ಇಲ್ಲದ್ಹಂಗ.

"ಹುಡುಗಿ ರಾತ್ರಿ ಮಾಳಗಿ ಮ್ಯಾಲೆ ಏನ್ ಮಾಡ್ತಾಳ?" ಅಂತ ಕೇಳೋರಿಗೂ ಹೇಳ್ತೀನಿ, ಕೌದಿ ಹೊತಗೊಂಡು ನಾನೂ ಅಲ್ಲೇ ಕೂತಿರ್ತೀನಿ. ಭಿಶಿ ರೊಕ್ಕ ಡಬ್ಬ್ಯಾಗ ಅದ. 200ರಾಗ ಆಕೀ ಕೈ ಕುದರಿದ ದಿನ, ಕೇಳೂಕಿಂತ ಮೊದ್ಲ ಕೊಡ್ತೀನಿ. ಬ್ಯಾಡ ಅನ್ನೂದು ಬ್ಯಾರೆ, ತಡಿ ಅನ್ನೂದು ಬ್ಯಾರೆ.